ಕನ್ನಡದಲ್ಲಿ ಬರೆದಿಟ್ಟ ಸಾಲುಗಳು

“ಗುರುಗಳೇ, ನಿಧಾನವಾಗಿ ಕಲಿಯುವವರಿಗೆ ಹೇಳಿಕೊಡುತ್ತ ಕೂತರೆ ನನ್ನ ಅಭ್ಯಾಸ ಹಿಂದೆ ಬೀಳುವುದಿಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಹೈಸ್ಕೂಲಿನಲ್ಲಿ ಇಂಚರ, ಫರ್ಹಾನಾ ಎಂಬ ಇಬ್ಬರು ಗೆಳತಿಯರಿದ್ದರು. ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಸ್ಪರ್ಧೆಗೆ ಜೊತೆಯಾಗಿ ಸೇರಿದರು. ಮೊದಲ ಗಂಟೆ ಒಬ್ಬಳು ಬರೆಯಬೇಕು, ಎರಡನೆಯ ಗಂಟೆ ಇನ್ನೊಬ್ಬಳು ಅದನ್ನೇ ಮುಂದುವರಿಸಬೇಕು. ನಡುವೆ ಇಬ್ಬರೂ ಮಾತಾಡುವ ಹಾಗಿಲ್ಲ. ಅದು ನಿಯಮ.

ಇಂಚರ ಬಹಳ ಚುರುಕು. ಮೊದಲ ಸುತ್ತಿನಲ್ಲಿ ತನ್ನ ಗಂಟೆಯಲ್ಲೇ ಹೆಚ್ಚುಕಡಿಮೆ ಎಲ್ಲವನ್ನೂ ಬರೆದು ಎದ್ದಳು. ಫರ್ಹಾನಾ ತನ್ನ ಗಂಟೆಯನ್ನು ಕೈಕಟ್ಟಿ ಕಳೆದಳು. ಹೇಗೋ ಫೈನಲ್ ತಲುಪಿದರು.

“ಯಾಕೆ ಏನೂ ಮಾಡಲಿಲ್ಲ?” ಎಂದು ಇಂಚರ ಕೇಳಿದಳು.

“ನೀನು ಬರೆದದ್ದು ನನಗೆ ತಿಳಿಯಲಿಲ್ಲ. ಮುಟ್ಟಿದರೆ ಎಲ್ಲಿ ಕೆಡುತ್ತದೋ ಅಂತ ಹೆದರಿದೆ.”

ಇಂಚರಳಿಗೆ ಅಂದು ಊಟ ಸೇರಲಿಲ್ಲ. ಫೈನಲ್‌ಗೆ ಎರಡು ವಾರವಿತ್ತು. ದಿನವೂ ಮಧ್ಯಾಹ್ನದ ಬಿಡುವಿನಲ್ಲಿ ಗೆಳತಿಯ ಪಕ್ಕ ಕೂತು ಹೇಳಿಕೊಟ್ಟಳು. ಫರ್ಹಾನಾ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳುತ್ತಿದ್ದಳು. ಇಂಚರ ನಾಲ್ಕು ಸಲವೂ ಉತ್ತರ ಹೇಳುತ್ತಿದ್ದಳು.

ಫೈನಲ್‌ನಲ್ಲಿ ಕೊಟ್ಟ ಕೆಲಸ ಇದು: ಆಸ್ಪತ್ರೆಯ ಸಾಲಿನಲ್ಲಿರುವ ರೋಗಿಗಳನ್ನು ಒಬ್ಬರನ್ನೂ ಬಿಡದೆ ಸರದಿಯಂತೆ ಕರೆಯುವ ಪ್ರೋಗ್ರಾಂ ಬರೆಯಬೇಕು. ಬೇಗ ಕೆಲಸ ಮಾಡುವ ಪ್ರೋಗ್ರಾಂಗೆ ಹೆಚ್ಚು ಅಂಕ. ಇಂಚರ ಅರ್ಧ ಗಂಟೆಯಲ್ಲಿ ಅದನ್ನು ಬರೆದಳು. ಉಳಿದ ಅರ್ಧ ಗಂಟೆಯಲ್ಲಿ ಅದರ ವೇಗ ಹೆಚ್ಚಿಸಬಹುದಿತ್ತು. ಅದನ್ನು ಬಿಟ್ಟು, ಪ್ರೋಗ್ರಾಂನ ಯಾವ ಭಾಗ ಏನು ಮಾಡಬೇಕು ಎಂದು ಒಂದೊಂದರ ಮೇಲೂ ಗೆಳತಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆದಳು. ಅದಕ್ಕೆ ನಿಯಮದ ಅಡ್ಡಿಯಿರಲಿಲ್ಲ. ಗಂಟೆ ಮುಗಿಯಿತು. ಎದ್ದು ಹೊರಗೆ ಹೋದಳು.

ಸ್ಪರ್ಧೆ ಮುಗಿಸಿ ಬಂದ ಫರ್ಹಾನಾ ಮೆಲ್ಲಗೆ ಹೇಳಿದಳು, “ಸಾಲಿನ ಕೊನೆಯವರನ್ನೂ ಕರೆಯಬೇಕು ಅಂತ ನೀನು ಕನ್ನಡದಲ್ಲಿ ಬರೆದಿದ್ದೆ. ಪ್ರೋಗ್ರಾಂ ಮಾತ್ರ ಅವರೊಬ್ಬರನ್ನು ಬಿಟ್ಟುಬಿಡುತ್ತಿತ್ತು. ತಿದ್ದಿದೆ. ಬೇಜಾರಿಲ್ಲ ತಾನೇ?”

ಇಂಚರ ತಪ್ಪು ಮಾಡುತ್ತಾಳೆಂದು ಶಾಲೆಯಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಅವಳೂ ಅಂದುಕೊಂಡಿರಲಿಲ್ಲ. ಅವಳ ಮುಖ ಕೆಂಪಾಯಿತು. ಆಮೇಲೆ ಗೆಳತಿಯ ಕೈ ಹಿಡಿದುಕೊಂಡಳು. ಬಹುಮಾನ ಪಡೆದವರ ಹೆಸರು ಓದಿ ಮುಗಿಸುವವರೆಗೂ ಆ ಕೈಯನ್ನು ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಅವರು ಗೆದ್ದರೇ?” ಎಂದು ಶಿಷ್ಯ ಕೇಳಿದ.

“ಮೂರನೆಯ ಬಹುಮಾನ ಬಂತು” ಎಂದರು ಗುರುಗಳು. ಅವನನ್ನು ಪ್ರೀತಿಯಿಂದ ನೋಡಿ ಕೇಳಿದರು:

“ನಿನ್ನ ತಪ್ಪನ್ನು ನಿನಗೇ ತೋರಿಸಿಕೊಡುವಷ್ಟು ನೀನು ಯಾರಿಗೆ ಕಲಿಸಿದ್ದೀಯಪ್ಪ?”