ಮುಲಾಜಿನ ಬುಟ್ಟಿ

ಭೀಮಾ ನದಿಯ ದಂಡೆಗೆ ನಿಂಬೆ ಬೆಳೆಯುವ ಒಂದು ಊರು. ಆ ಊರಲ್ಲಿ ಗುರುಬಾಯಿ ಎಂಬ ಹೆಂಗಸು ಇದ್ದಳು. ಗಂಡ ತೀರಿಕೊಂಡಿದ್ದ. ಅವಳಿಗಿದ್ದದ್ದು ಇಪ್ಪತ್ತು ನಿಂಬೆ ಗಿಡ. ಇಪ್ಪತ್ತು ಗಿಡವೆಂದರೆ, ಮಕ್ಕಳೇ, ವಾರಕ್ಕೆ ಎರಡು ಚೀಲ ಕಾಯಿ. ಎರಡು ಚೀಲಕ್ಕಾಗಿ ಪಟ್ಟಣದಿಂದ ಗಾಡಿ ಯಾರು ತರುತ್ತಾರೆ?

ಮೊದಲೆಲ್ಲ ಊರಿನ ಕಾಯನ್ನು ಗುರುಪಾದಪ್ಪ ಸಾವಕಾರರು ಒಬ್ಬರೇ ಕೊಳ್ಳುತ್ತಿದ್ದರು. ಅವರು ಹೇಳಿದ್ದೇ ದರ. ದೊಡ್ಡ ತೋಟದವರ ಕಾಯಿ ಮೊದಲು, ಗುರುಬಾಯಿಯಂಥವರದು ಕಟ್ಟಕಡೆಗೆ. ಗಾಡಿ ಅವಳ ಮನೆ ಮುಟ್ಟುವಷ್ಟರಲ್ಲಿ ಕಾಯಿ ಮೆತ್ತಗಾಗಿ, ದರ ಅರ್ಧಕ್ಕೆ ಇಳಿದಿರುತ್ತಿತ್ತು. ಇದು ಸಾಕಾಗಿ ನಲವತ್ತು ಮನೆಯವರು ಸೇರಿ ಒಂದು ಸಹಕಾರ ಸಂಘ ಕಟ್ಟಿದರು. ಎಲ್ಲರ ಕಾಯಿ ಒಂದೇ ಶೆಡ್ಡಿಗೆ, ಅಲ್ಲಿಂದ ಒಂದೇ ಲಾರಿಯಲ್ಲಿ ಪಟ್ಟಣದ ಪೇಟೆಗೆ. ಊರಲ್ಲೇ ದೊಡ್ಡ ತೋಟದವರಾದ ರೇವಣಸಿದ್ದಪ್ಪ ಪಾಟೀಲರು ಅಧ್ಯಕ್ಷರಾದರು. ಮನೆಮನೆ ತಿರುಗಿ ಜನರನ್ನು ಒಪ್ಪಿಸಿದ್ದ ಗುರುಬಾಯಿಗೆ ಕಾಯಿ ಆರಿಸಿ ಚೀಲ ತುಂಬಿಸುವ ಕೆಲಸ ಬಂತು.

ಮೂರು ತಿಂಗಳು ಕಳೆಯಿತು. ದರ ಏರುವುದಿರಲಿ, ಸಾವಕಾರರು ಕೊಡುತ್ತಿದ್ದುದಕ್ಕಿಂತ ಕೆಳಗಿಳಿಯಿತು. ಪೇಟೆಯ ದಲಾಲರು ಚೀಲ ಬಿಚ್ಚಿ ಮುಖ ಸಿಂಡರಿಸುತ್ತಿದ್ದರು. ನಿಮ್ಮ ಊರ ಕಾಯಿಗೆ ಹೆಸರಿತ್ತಲ್ಲ, ಇದೇನು ಹೀಗೆ ಸಣ್ಣದು, ಚುಕ್ಕೆ ಬಿದ್ದದ್ದು ಎನ್ನುತ್ತಿದ್ದರು.

ಊರಿಗೆ ಊರೇ ಗೊಂದಲಕ್ಕೆ ಬಿತ್ತು. ಚೀಲದ ಬಿಸಿಗೆ ಕಾಯಿ ಕೆಡುತ್ತದೆ ಎಂದು ಒಬ್ಬರು ಹೇಳಿದರು. ಚೀಲ ಬದಲಾಯಿತು. ಡ್ರೈವರ್ ದಾರಿಯಲ್ಲಿ ಕಾಯಿ ಬದಲಿಸುತ್ತಾನೆ ಎಂದು ಇನ್ನೊಬ್ಬರು. ಪಾಪ, ಡ್ರೈವರನೂ ಬದಲಾದ. ಶೆಡ್ಡಿನ ಬಾಗಿಲು ದಕ್ಷಿಣಕ್ಕಿದೆ ಎಂದವರೂ ಇದ್ದರು, ಬಾಗಿಲನ್ನೂ ಕಿತ್ತು ಪೂರ್ವಕ್ಕೆ ಇಟ್ಟರು. ಕಾಯಿ ಮಾತ್ರ ಹಾಗೆಯೇ ಇತ್ತು.

ಎಲ್ಲರಿಗಿಂತ ಹೆಚ್ಚು ತಲೆ ಕೆಟ್ಟದ್ದು ಗುರುಬಾಯಿಗೆ. ಬೆಳಿಗ್ಗೆ ತೋಟಗಳ ಬದಿಯಲ್ಲಿ ನಡೆದು ಬರುವಾಗ ಗಿಡದಲ್ಲಿ ದಪ್ಪ ದಪ್ಪ ಕಾಯಿ ಕಾಣುತ್ತಿತ್ತು. ಶೆಡ್ಡಿನಲ್ಲಿ ರಾಶಿ ಕೆದಕಿದರೆ ಅಂಥದೊಂದು ಸಿಗುತ್ತಿರಲಿಲ್ಲ. ತನ್ನ ಕಣ್ಣೇ ಮಂದವಾಯಿತೇ ಎಂದು ಅವಳು ಕಾಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಅಷ್ಟರಲ್ಲಿ, ಸೋಮವಾರ ಸಭೆ ಕರೆದು ಸಂಘ ಮುಚ್ಚೋಣ ಎಂದು ಪಾಟೀಲರು ಹೇಳಿ ಕಳಿಸಿದರು. ಪಾಟೀಲರಿಗೇನು, ಅವರ ಕಾಯಿ ಯಾರಾದರೂ ಕೊಳ್ಳುತ್ತಾರೆ. ಸಂಘ ಮುಚ್ಚಿದರೆ ಅವಳ ಎರಡು ಚೀಲ ಮತ್ತೆ ಕಟ್ಟಕಡೆಯ ಸಾಲಿಗೆ.

ಇಲ್ಲಿ ಸಾವಕಾರರ ವಿಷಯ ಹೇಳಬೇಕು. ಸಂಘವಾದ ಮೇಲೂ ಅವರು ಊರಿಗೆ ಬರುವುದನ್ನು ಬಿಟ್ಟಿರಲಿಲ್ಲ. ವಾರಕ್ಕೊಮ್ಮೆ ಬಂದು ಮನೆಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಮಕ್ಕಳು ಮರಿ ಎಲ್ಲರನ್ನೂ ವಿಚಾರಿಸುತ್ತಿದ್ದರು. ಸಂಘದ ಬಗ್ಗೆ ಒಂದು ಕೆಟ್ಟ ಮಾತಿಲ್ಲ. ಏಳುವಾಗ ಮಾತ್ರ, ಹಳೆಯ ಗಿರಾಕಿಗೆ ಒಂದು ಬುಟ್ಟಿ ಕಾಯಿ ಕೊಡಿ, ರೊಕ್ಕ ಕೊಟ್ಟೇ ಒಯ್ಯುತ್ತೇನೆ ಎನ್ನುತ್ತಿದ್ದರು. ಗುರುಬಾಯಿಯ ಗಂಡನಿಗೆ ಕಾಯಿಲೆಯಾದಾಗ ದವಾಖಾನೆಗೆ ಒಯ್ದದ್ದು ಅವರ ಗಾಡಿ. ಅಂಥವರಿಗೆ ಇಲ್ಲವೆನ್ನಲು ಅವಳಿಗೆ ನಾಲಿಗೆ ಬರುತ್ತಿರಲಿಲ್ಲ. ಎದುರಿಗೆ ಕೂತವರಿಗೆ ಸಣ್ಣ ಕಾಯಿ ಕೊಡುವುದಾದರೂ ಹೇಗೆ? ದಪ್ಪವನ್ನೇ ಆರಿಸಿ ಬುಟ್ಟಿ ತುಂಬುತ್ತಿದ್ದಳು. ಒಂದೇ ಒಂದು ಬುಟ್ಟಿ, ನಲವತ್ತು ಮನೆಯ ಕಾಯಲ್ಲಿ ಇದೇನು ಲೆಕ್ಕ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಸಭೆಯ ಹಿಂದಿನ ದಿನ, ರವಿವಾರ, ಬುಟ್ಟಿ ಹೊತ್ತೊಯ್ಯುವ ಸಾವಕಾರರ ಆಳು ಬಂದಿರಲಿಲ್ಲ. ಗುರುಬಾಯಿಯೇ ಬುಟ್ಟಿ ಹೊತ್ತು ಅವರ ಟೆಂಪೊ ಹತ್ತಿರ ಹೋದಳು. ಒಳಗೆ ಸಾಲಾಗಿ ಬುಟ್ಟಿಗಳಿದ್ದವು. ಅದಲುಬದಲಾಗದಿರಲೆಂದು ಬುಟ್ಟಿಯ ಕಿವಿಗೆ ತಮ್ಮ ಗುರುತಿನ ಬಟ್ಟೆಚೂರು ಕಟ್ಟುವುದು ಆ ಊರ ರೂಢಿ. ಹಸಿರು ಅಂಚಿನದು ಎದುರು ಮನೆಯದು. ಚೌಕಳಿಯದು ಅವಳ ನಾದಿನಿಯದು. ಕೆಂಪು ಬಟ್ಟೆಯ ನಾಲ್ಕು ಬುಟ್ಟಿ ಪಾಟೀಲರ ಮನೆಯವು. ಎಲ್ಲದರಲ್ಲೂ ಅವಳು ಮೂರು ತಿಂಗಳಿಂದ ಶೆಡ್ಡಿನಲ್ಲಿ ಹುಡುಕಿದ ಕಾಯಿ.

ಕಳ್ಳ ಸಿಕ್ಕನೆಂದು ಒಂದು ಕ್ಷಣ ಅವಳಿಗೆ ಅನಿಸಿತು. ಆದರೆ ಯಾರನ್ನು ಕಳ್ಳನೆನ್ನುವುದು? ಸಾವಕಾರರು ಕದ್ದಿಲ್ಲ, ಕೇಳಿ ಒಯ್ದಿದ್ದಾರೆ. ಊರವರು ಮೋಸ ಮಾಡಿಲ್ಲ, ಒಂದೊಂದು ಬುಟ್ಟಿ ಕೊಟ್ಟಿದ್ದಾರೆ. ಅವಳ ತಲೆಯ ಮೇಲೂ ಒಂದು ಬುಟ್ಟಿ ಇದೆ. ವಾಪಸು ಒಯ್ಯಬೇಕೋ, ಒಳಗಿಡಬೇಕೋ ತೋಚದೆ ಅವಳು ನಿಂತೇ ಇದ್ದಳು. ಅಷ್ಟರಲ್ಲಿ ಸಾವಕಾರರು ಬಂದು, ಯಾಕವ್ವಾ ಭಾರ ಆಯ್ತೇನು ಎಂದು ತಾವೇ ಕೈ ಕೊಟ್ಟರು. ಅವಳು ಇಟ್ಟೇಬಿಟ್ಟಳು! ನಗಬೇಡಿ ಮಕ್ಕಳೇ, ನೀವಾದರೂ ಇಡುತ್ತಿದ್ದಿರಿ.

ಸೋಮವಾರ ಸಭೆ ಸೇರಿತು. ಮುಚ್ಚೋಣ ಎನ್ನುವವರು ಕೈ ಎತ್ತಿ ಎಂದು ಪಾಟೀಲರು ಹೇಳುವ ಮೊದಲೇ ಗುರುಬಾಯಿ ಎದ್ದು ನಿಂತಳು.

“ನಾ ಯಾರ ಮ್ಯಾಲೂ ಬಟ್ಟು ಮಾಡಾಂಗಿಲ್ರಿ. ನನ್ನ ಚಲೋ ಕಾಯಿ ವಾರಾ ಒಂದ ಬುಟ್ಟಿ ಸಾವಕಾರ್ರಿಗೆ ಕೊಟ್ಟೀನಿ. ನಿನ್ನೆ ಸುದ್ದಾ ಕೊಟ್ಟೀನಿ. ಅವರ ಮುಖಾ ನೋಡಿ ಇಲ್ಲ ಅನ್ನಾಕ ಆಗಲಿಲ್ಲ. ಸಂಘಕ್ಕ ಮುಖಾ ಇಲ್ಲಲ್ರೀ, ಅದಕ್ಕ ಉಳಿದದ್ದು ಹಾಕಿದೆ.”

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾವೊಬ್ಬರೇ ಕೊಡುತ್ತಿದ್ದೇವೆಂದು ನಲವತ್ತು ಮನೆಯವರೂ ನಂಬಿದ್ದರು. ಆಗ ಪಾಟೀಲರು, ತಮ್ಮ ಮನೆಯಿಂದ ನಾಲ್ಕು ಎಂದು ಸಣ್ಣ ದನಿಯಲ್ಲಿ ಒಪ್ಪಿಕೊಂಡರು.

ಆಮೇಲೆ ಹೊಸ ಗೊಂದಲ. ಸಾವಕಾರರಿಗೆ ಇಲ್ಲವೆಂದು ಹೇಳುವವರು ಯಾರು? ನಲವತ್ತು ಜನರಲ್ಲಿ ಒಬ್ಬರಿಗೂ ಆ ಧೈರ್ಯವಿರಲಿಲ್ಲ, ಗುರುಬಾಯಿಗೂ ಇರಲಿಲ್ಲ. ಕೊನೆಗೆ ಅವಳೇ ಒಂದು ಉಪಾಯ ಹೇಳಿದಳು. ಕಾಯಿ ಗಿಡದಿಂದ ಇಳಿದರೆ ನೇರ ಶೆಡ್ಡಿಗೇ ಹೋಗಲಿ, ಮನೆಗೆ ಒಂದೂ ಬರುವುದು ಬೇಡ. ಮನೆಯಲ್ಲಿ ಇಲ್ಲದ್ದನ್ನು ಕೊಡುವ ಮುಲಾಜೇ ಬರುವುದಿಲ್ಲ. ಸಭೆ ಒಪ್ಪಿತು. ಮುಚ್ಚುವ ಮಾತು ಅಲ್ಲಿಗೇ ನಿಂತಿತು.

ಮುಂದಿನ ವಾರ ಸಾವಕಾರರು ಬಂದರು. ಮನೆಮನೆಯಲ್ಲೂ ಚಹಾ ಸಿಕ್ಕಿತು, ಕಾಯಿ ಎಲ್ಲೂ ಇರಲಿಲ್ಲ. ತಿರುಗಿ ತಿರುಗಿ ಕೊನೆಗೆ ಶೆಡ್ಡಿಗೆ ಬಂದರು. ಅಲ್ಲಿ ದಪ್ಪ ಕಾಯಿಯದೇ ಒಂದು ರಾಶಿ ಬಿದ್ದಿತ್ತು. ಸುದ್ದಿ ತಿಳಿದು ಪಟ್ಟಣದ ಇಬ್ಬರು ವ್ಯಾಪಾರಿಗಳೂ ಬಂದು ದರ ಕೂಗುತ್ತಿದ್ದರು. ಸಾವಕಾರರು ಗುರುಬಾಯಿಯನ್ನು ಬದಿಗೆ ಕರೆದರು.

“ಇದರಾಗ ಪಾಟೀಲರ ತ್ವಾಟದ್ದು ಯಾವ್ದವ್ವಾ? ಅದನಷ್ಟ ತಗೋತೀನಿ.”

ಗುರುಬಾಯಿ ರಾಶಿಯ ಕಡೆ ನೋಡಿದಳು. ಅವಳಿಗೆ ನಿಜವಾಗಿಯೂ ಗೊತ್ತಾಗಲಿಲ್ಲ.

“ನನಗೂ ತಿಳೀವಲ್ದರೀ ಸಾವಕಾರ್ರ. ನನ್ನ ಗಿಡದ ಕಾಯೂ ಅದರಾಗನ ಅದಾವ. ತಗೊಂಡ್ರ ಎಲ್ಲಾ ಕೂಡೇ ತಗೋರಿ.”

ಸಾವಕಾರರು ರಾಶಿಯಿಂದ ಒಂದು ಕಾಯಿ ಎತ್ತಿ ತಿರುವಿ ನೋಡಿದರು. ಆಮೇಲೆ ಆ ಇಬ್ಬರಿಗಿಂತ ಹೆಚ್ಚಿನ ದರ ಕೂಗಿದರು. ಅಂದು ಮೊದಲ ಸಲ ಇಪ್ಪತ್ತು ಗಿಡದವಳ ಕಾಯಿ ಪಾಟೀಲರ ಕಾಯಿಯ ದರಕ್ಕೇ ಹೋಯಿತು.

ನೀತಿ: ನಾವೇ ಕಟ್ಟಿದ ಸಂಘಕ್ಕೆ ಮಿಕ್ಕದ್ದನ್ನು ಕೊಟ್ಟು, ಒಳ್ಳೆಯದು ಯಾಕೆ ಬರಲಿಲ್ಲವೆಂದು ಕೇಳಬಾರದು. ಎಲ್ಲರೂ ತಮ್ಮ ಒಳ್ಳೆಯ ಬೆಳೆಯನ್ನು ಒಂದೆಡೆ ಸುರಿದರೆ, ಚಿಕ್ಕವನಿಗೂ ದೊಡ್ಡವನ ಬೆಲೆ ಸಿಗುತ್ತದೆ.