ಹುಲಿಗೆವ್ವ ರಾಗ ಬಿಟ್ಟು ಹೇಳಿದ ಪದ

ಹೂಂಗುಟ್ಟೋರು ಮುಂದೆ ಬಂದು ಕೂತ್ಕೊಳ್ರಿ, ತೂಕಡಿಸೋರು ಗೋಡೆಗೆ ಒರಗ್ರಿ. ಹೇಳ್ತೀನಿ.

ಒಂದೂರಲ್ಲಿ ಒಬ್ಬ ದೊರೆ ಇದ್ದನಂತೆ. ಏಳು ಸುತ್ತಿನ ಕೋಟೆ, ಏಳು ಬಾವಿ, ಏಳು ಮಂದಿ ಆಸ್ಥಾನಕವಿಗಳು. ಎಲ್ಲಾ ಇದ್ದರೂ ಅವನಿಗೆ ಒಂದೇ ಒಂದು ಕೊರಗು. ಕವಿಗಳು ಬರೆದ ಓಲೆಗರಿ ಕಟ್ಟುಗಳನ್ನ ಗೆದ್ದಲು ತಿಂದು ಹಾಕ್ತಿದ್ದವಂತೆ. ಒಂದು ದಿನ ದೊರೆ ಕಟ್ಟು ಬಿಚ್ಚಿ ನೋಡ್ತಾನೆ, ಅವನಪ್ಪನ ಮೇಲೆ ಬರೆದ ಕಾವ್ಯ ಬೆರಳಿಗೆ ಹಿಟ್ಟಾಗಿ ಬಂತಂತೆ.

"ಕಾವ್ಯಕ್ಕೆ ಅಂತಾನೇ ಒಂದು ಮನೆ ಕಟ್ಟಿಸ್ತೀನಿ. ಕಲ್ಲಿನ ಮನೆ, ಗಾರೆ ಮನೆ. ಅದಕ್ಕೆ ಓಲೆಮನೆ ಅಂತ ಹೆಸರು" ಅಂದನಂತೆ ದೊರೆ.

ಕಲ್ಲು ಹೊರೋಕೆ ಗಂಡಸರು ಬಂದರು, ಗಾರೆ ಕುಟ್ಟೋಕೆ ಅರವತ್ತು ಮಂದಿ ಹೆಂಗಸರು ಬಂದರು. ಗಾರೆ ಕುಟ್ಟೋದು ಅಂದ್ರೆ ಹುಡುಗಾಟ ಅಲ್ಲ. ಸುಣ್ಣ, ಮರಳು, ಬೆಲ್ಲದ ನೀರು ಗುಂಡಿಗೆ ಸುರೀಬೇಕು. ಆ ಕಡೆ ಮೂವತ್ತು, ಈ ಕಡೆ ಮೂವತ್ತು ನಿಂತು, ಒನಕೆ ಎತ್ತಿ, ಒಂದೇ ಸಲಕ್ಕೆ ಇಳಿಸಬೇಕು. ಒಬ್ಬಳು ತಪ್ಪಿದಳೋ, ಎದುರಿನವಳ ಕೈ ಮುರೀತು. ಅದಕ್ಕೇ ಪದ ಬೇಕು. ಪದ ಹಾಡಿದರೆ ಅರವತ್ತು ಕೈ ಒಂದೇ ಕೈ ಆಗ್ತವೆ.

ಆ ಪದ ಕಟ್ಟೋಳು ಹುಲಿಗೆವ್ವ. ಓದು ಬರಹ ಇಲ್ಲ. ಅಂಗೈ ಎಲ್ಲಾ ಸುಣ್ಣ ತಿಂದು ಬಿರುಕು ಬಿಟ್ಟಿದ್ದವಂತೆ. ಆದರೆ ಬೆಳಿಗ್ಗೆ ಗುಂಡಿ ಹತ್ತಿರ ಬಂದು ನಿಂತಳು ಅಂದ್ರೆ ಅವಳ ಬಾಯಲ್ಲಿ ಹೊಸ ಪದ. ಅತ್ತೆ ಮೇಲೆ ಪದ, ಕಳೆದುಹೋದ ಎಮ್ಮೆ ಮೇಲೆ ಪದ, ಬಾರದ ಮಳೆ ಮೇಲೆ ಪದ. ಅವಳ ಗಂಡ ಕೊಟ್ಟೂರ ಅದೇ ಕೆಲಸದಲ್ಲಿ ಕಲ್ಲು ಹೊರ್ತಿದ್ದ. "ಯಾವತ್ತಾದ್ರೂ ನನ್ನ ಮ್ಯಾಲೆ ಒಂದು ಪದ ಕಟ್ಟೇ" ಅಂತಿದ್ದನಂತೆ. "ನಿನ್ನ ಮ್ಯಾಲೆ ಕಟ್ಟೋಕೆ ಏನೈತೋ?" ಅಂತ ಇವಳು ನಗ್ತಿದ್ದಳಂತೆ.

ಗೋಡೆ ಎದ್ದವು, ಹೆಬ್ಬಾಗಿಲ ಮೇಲೆ ದೊಡ್ಡ ಕಮಾನು ಎದ್ದಿತು. ಕಮಾನಿನ ಗಾರೆ ಆರೋಕೆ ಇಪ್ಪತ್ತೊಂದು ದಿನ ಬೇಕು, ಅಲ್ಲೀವರೆಗೂ ಕೆಳಗೆ ಆಸರೆ ಕೊಟ್ಟ ಮರಗಳನ್ನ ಮುಟ್ಟಬಾರದು ಅಂತ ಮೇಸ್ತ್ರಿ ಹೇಳಿದ. ಜೋಯಿಸರು ಪಂಚಾಂಗ ನೋಡಿ, ಹನ್ನೊಂದನೇ ದಿನ ಬಿಟ್ಟರೆ ಈ ವರ್ಷ ಬಾಗಿಲು ಪೂಜೆಗೆ ಒಳ್ಳೆ ಮುಹೂರ್ತ ಇಲ್ಲ ಅಂದರು. ದೊರೆ ಮುಹೂರ್ತ ಕೇಳಿದ, ಸುಣ್ಣವನ್ನ ಕೇಳಲಿಲ್ಲ. "ಮರ ತೆಗೀರಿ" ಅಂದ.

ಪೂಜೆಯ ಹಿಂದಿನ ದಿನ ಏಳು ಮಂದಿ ಮರ ತೆಗೆಯೋಕೆ ಕೆಳಗೆ ಹೋದರು. ಹಸಿ ಕಮಾನು ಏಳೂ ಮಂದಿ ಮೇಲೆ ಕೂತಿತಂತೆ.

ಕೊಟ್ಟೂರ ಅವರಲ್ಲಿ ಒಬ್ಬ. ಅವತ್ತು ಬೆಳಿಗ್ಗೆ ರೊಟ್ಟಿ ಸೀದಿತ್ತು ಅಂತ ಗಂಡ ಹೆಂಡತಿಗೆ ಜಗಳ ಆಗಿತ್ತು. ಅವನು ಮಾತಾಡದೆ ಎದ್ದು ಹೋಗಿದ್ದ, ಇವಳೂ ಕರೆದಿರಲಿಲ್ಲ.

ದೊರೆ ಆ ಹೊತ್ತು ಬೇಟೆಗೆ ಹೋಗಿದ್ದ. ಬಂದ ಮೇಲೆ ಮಂತ್ರಿ ಕಡೆಯೋರು, "ಒಂದು ಕಲ್ಲು ಜಾರಿತ್ತು ಪ್ರಭೂ, ಶಾಂತಿ ಮಾಡಿಸಿದ್ವಿ. ಬಾಗಿಲ ಪೂಜೆ ಸ್ವಲ್ಪ ಮುಂದಕ್ಕೆ ಹೋಯ್ತು" ಅಂದರಂತೆ. ಅಷ್ಟೇ.

ಮೂರು ದಿನ ಬಿಟ್ಟು ಅರವತ್ತು ಮಂದಿ ಹೆಂಗಸರು ಮತ್ತೆ ಗುಂಡಿಗೆ ಬಂದರು. ಬರದೆ ಏನು ಮಾಡ್ತಾರೆ, ಒಲೆ ಉರೀಬೇಕಲ್ಲ. ಒನಕೆ ಎತ್ತಿದರು. ಯಾರ ಬಾಯಲ್ಲೂ ಪದ ಇಲ್ಲ. ಏಟು ತಪ್ಪಿ ಒಬ್ಬಳ ಬೆರಳು ಜಜ್ಜಿತು. "ಹುಲಿಗೆವ್ವಾ, ಏನಾರ ಹೇಳವ್ವಾ" ಅಂದರು. ಹುಲಿಗೆವ್ವ ಬಾಯಿ ತೆಗೆದಳು. ಎಮ್ಮೆ ಪದ ಹೇಳೋಣ ಅಂತ ತೆಗೆದಳು, ಬಂದದ್ದೇ ಬೇರೆ. "ತಾಳು ತಾಳು ಕಮಾನೇ" ಅಂತ ಬಂತು. ಅರವತ್ತು ಮಂದಿ ಹಿಡಿದರು, ಒನಕೆ ಬಿದ್ದವು, ಹೊಸ ಕಮಾನಿಗೆ ಗಾರೆ ಆಯಿತು.

ದೊರೆ ಉಪ್ಪರಿಗೆಯಲ್ಲಿ ಕೂತು ಕೇಳ್ತಿದ್ದನಂತೆ. ಅಷ್ಟು ದೂರಕ್ಕೆ ಪೂರ್ತಿ ಮಾತು ಮುಟ್ಟುತ್ತಿರಲಿಲ್ಲ. "ತಾಳು ತಾಳು" ಅನ್ನೋದೊಂದು, ಆ ರಾಗ ಒಂದು. ಸ್ನಾನ ಮಾಡುವಾಗ ಅದನ್ನೇ ಗುನುಗುತ್ತಿದ್ದ. ದೊರೆ ಗುನುಗಿದ ಅಂತ ಮಂತ್ರಿ ಗುನುಗಿದ, ಮಂತ್ರಿ ಗುನುಗಿದ ಅಂತ ಪಹರೆಯವನೂ ಗುನುಗಿದ.

ಈ ಸಲ ಜೋಯಿಸರು ಹೇಗೋ ಇನ್ನೊಂದು ಮುಹೂರ್ತ ಹುಡುಕಿ ಕೊಟ್ಟರು, ಇಪ್ಪತ್ತೊಂದು ದಿನ ಕಾದರು. ಓಲೆಮನೆ ಬಾಗಿಲು ತೆರೆಯೋ ದಿನ ಬಂತು. ಕಮಾನಿನ ಎದುರಿಗೇ ಸಭೆ. ಆಸ್ಥಾನದ ದೊಡ್ಡ ಕವಿ ನರಹರಿ ಪಂಡಿತರು ಆ ಮನೆ ಎದ್ದ ಕತೆಯನ್ನ ನೂರೆಂಟು ಪದ್ಯದಲ್ಲಿ ಕಟ್ಟಿದ್ದರು. ತಾವರೆ ನೀರಿನಿಂದ ಎದ್ದ ಹಾಗೆ, ಒಂದು ಹನಿ ಬೆವರಿಲ್ಲದೆ ಮನೆ ಎದ್ದಿತು ಅಂತ ಬರೆದಿದ್ದರು. ಓದಿದರು. ಎಲ್ಲರೂ ತಲೆದೂಗಿದರು.

ಆಗ ದೊರೆ, "ಪಂಡಿತರೇ, ಗಾರೆ ಕುಟ್ಟೋರ ಒಂದು ಪದ ಇದೆ. ನಂಗೆ ಬಹಳ ಹಿಡಿಸಿದೆ. ಅದನ್ನೂ ಬರೆದು ಒಳಗಿಡಿ" ಅಂದನಂತೆ.

ಪಂಡಿತರ ಮುಖ ಗಂಟಿಕ್ಕಿತು. "ಪ್ರಭೂ, ಪದ ಬೇರೆ, ಕಾವ್ಯ ಬೇರೆ. ಪದಕ್ಕೆ ರಾಗ ಅನ್ನೋ ಬೆಲ್ಲ ಸವರಿರ್ತಾರೆ. ಕೇಳೋರು ಬೆಲ್ಲ ನೆಕ್ಕಿ ಆಹಾ ಅಂತಾರೆ. ಆ ಬೆಲ್ಲ ತೊಳೆದುಬಿಟ್ಟರೆ ಒಳಗೆ ಏನೂ ಉಳಿಯೋದಿಲ್ಲ. ಒನಕೆ ಹಾಡನ್ನ ಕಾವ್ಯದ ಮಗ್ಗುಲಲ್ಲಿ ಕೂರಿಸಿದರೆ ನಾವು ನಲವತ್ತು ವರ್ಷ ಕಲಿತದ್ದು ಯಾತಕ್ಕೆ?"

"ಪರೀಕ್ಷೆ ಮಾಡಿ ಹಂಗಾದ್ರೆ" ಅಂದ ದೊರೆ.

ಹುಲಿಗೆವ್ವನ್ನ ಕರೆಸಿದರು. ಅವಳ ಹಿಂದೆ ಅರವತ್ತು ಮಂದಿಯೂ ಬಂದು ಅಂಗಳದ ಅಂಚಿಗೆ ನಿಂತರು. ಪಂಡಿತರು ಅವಳನ್ನ ಮೇಲಿಂದ ಕೆಳಕ್ಕೆ ನೋಡಿ, "ನೋಡಮ್ಮಾ, ನಿನ್ನ ಪದವನ್ನ ರಾಗ ಇಲ್ಲದೆ, ತಾಳ ಇಲ್ಲದೆ, ಬರೀ ಮಾತಾಗಿ ಹೇಳಬೇಕು. ಮಾತು ತನ್ನ ಕಾಲ ಮೇಲೆ ನಿಂತರೆ ನಾನೂ ಎದ್ದು ನಿಲ್ತೀನಿ. ನಿಲ್ಲದೆ ಹೋದರೆ, ಇದು ಬರೀ ಕೆಲಸದ ಗಲಾಟೆ ಅಂತ ನೀನೇ ಒಪ್ಕೋಬೇಕು. ಇವತ್ತಿಂದ ಕೋಟೆ ಒಳಗೆ ಈ ಪದ ಯಾರೂ ಹಾಡಕೂಡದು. ಒಪ್ಪಿಗೆನಾ?" ಅಂದರು.

ಹಿಂದಿನಿಂದ ಯಾರೋ ಸೆರಗು ಜಗ್ಗಿದರು. "ಬ್ಯಾಡವ್ವಾ, ಸೋತರೆ ಅದೂ ಹೋಗತೈತಿ" ಅಂದರು. ಹುಲಿಗೆವ್ವ ಕಮಾನಿನ ಕಡೆ ನೋಡಿದಳಂತೆ. ಅಲ್ಲಿ ಏಳು ಮಂದಿ ಹೋದರು ಅನ್ನೋಕೆ ಒಂದು ಕಲ್ಲಿಲ್ಲ, ಗುರುತಿಲ್ಲ. ಪಂಡಿತರ ನೂರೆಂಟು ಪದ್ಯದಲ್ಲೂ ಅವರಿಲ್ಲ. ಇರೋದು ಈ ಪದದಲ್ಲಿ ಮಾತ್ರ. ಅದು ಗಲಾಟೆ ಅಂದ್ರೆ ಅವರು ಸತ್ತದ್ದೂ ಗಲಾಟೆನೇ.

"ಒಪ್ಪಿಗಿ ಐತ್ರೀ ಅಯ್ನೋರೆ. ಹೇಳ್ತೀನಿ" ಅಂದಳು.

ಅಂದಳು, ಆದರೆ ಬಾಯಿ ಏಳಲಿಲ್ಲ. ರಾಗ ಬಿಟ್ಟು ಅವಳು ಆ ಪದವನ್ನ ಯಾವತ್ತೂ ಹೇಳೇ ಇರಲಿಲ್ಲ. ಕೈಯಲ್ಲಿ ಒನಕೆ ಇಲ್ಲ, ಕೈ ಎಲ್ಲಿಡಬೇಕೋ ತಿಳೀಲಿಲ್ಲ. ಕವಿಗಳ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಆ ನಗು ಕೇಳಿ ಅವಳಿಗೆ ಸಿಟ್ಟು ಬಂತು ನೋಡ್ರಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಮಾನಿಗೆ ಎದುರಾಗಿ ತಿರುಗಿ, ಪಕ್ಕದ ಮನೆಯವರ ಕೂಡ ಮಾತಾಡೋ ದನಿಯಲ್ಲಿ ಶುರು ಮಾಡಿದಳಂತೆ.

"ತಾಳು ತಾಳು ಕಮಾನೇ, ಗಾಳೆಪ್ಪ ಬುತ್ತಿಗಂಟು ಬಿಚ್ಚಿಲ್ಲ.
ತಾಳು ತಾಳು ಕಮಾನೇ, ಮರಿಯ ಮಗಳಿಗೆ ಹೆಸರಿಟ್ಟಿಲ್ಲ.
ತಾಳು ತಾಳು ಕಮಾನೇ, ಯಂಕನ ಕಾಲಿನ ಮುಳ್ಳು ತೆಗೆದಿಲ್ಲ.
ಸಣ್ದುರುಗನ ಮದುವಿ ಅರಿಷಿಣ ಆರಿಲ್ಲ.
ಹೊನ್ನೂರ ತಾಯಿಗೆ ಹೇಳಿ ಬಂದಿಲ್ಲ.
ಪರಸಪ್ಪ ಅರ್ಧ ಆಡಿದ ಮಾತು ಮುಗಿಸಿಲ್ಲ.
ತಾಳು ತಾಳು ಕಮಾನೇ, ಕೊಟ್ಟೂರ ನನ್ನ ಮ್ಯಾಲಿನ ಮುನಿಸು ಬಿಟ್ಟಿಲ್ಲ.
ಇಪ್ಪತ್ತೊಂದು ದಿನ ಬೇಕಂತ ಸುಣ್ಣ ಬೇಡಿತ್ತು.
ಹನ್ನೊಂದಕ್ಕೇ ದೊರೆಯ ಮುಹೂರ್ತ ಕೂಡಿತ್ತು.
ಏಳು ಮಂದಿ ಸತ್ತರು.
ಸುಣ್ಣ ಆಮ್ಯಾಲೆ ಆರಿತು."

ಮುಗೀತು.

ಎಷ್ಟೋ ದಿನ ಹಾಡಿದ್ದ ಪದ, ಇವತ್ತೇ ಕೇಳಿದ ಹಾಗಾಯಿತು ಹುಲಿಗೆವ್ವನಿಗೆ. ಇಷ್ಟು ದಿನ ರಾಗ ಅನ್ನೋದು ಹೊರೆ ಕೆಳಗಿನ ಸಿಂಬೆ ಇದ್ದ ಹಾಗಿತ್ತಂತೆ. ಇವತ್ತು ಸಿಂಬೆ ತೆಗೆದುಹಾಕಿದರು. ಹೊರೆ ಬರಿತಲೆ ಮೇಲೆ ಬಂದು ಕೂತಿತು. ಅವಳೊಬ್ಬಳ ತಲೆ ಮೇಲಲ್ಲ, ಸಭೆ ಸಭೆಯ ತಲೆ ಮೇಲೆ.

ನರಹರಿ ಪಂಡಿತರು ಶಲ್ಯ ಸರಿಮಾಡಿಕೊಂಡು, ಮಂಡಿ ಮೇಲೆ ಕೈಯೂರಿ, ನಿಧಾನಕ್ಕೆ ಎದ್ದು ನಿಂತರು.

"ಕೂತ್ಕೊಳ್ಳಿ ಪಂಡಿತರೇ" ಅಂದ ದೊರೆ.

"ಆಗ್ತಾ ಇಲ್ಲ ಪ್ರಭೂ. ಅದು ನಿಂತಿದೆ."

ದೊರೆ ಸುತ್ತ ನೋಡಿದ. "ಏಳು ಮಂದಿನಾ? ಒಂದು ಕಲ್ಲು ಜಾರಿತು ಅಂದ್ರಲ್ಲ?" ಮಂತ್ರಿ ಒಂದು ಹೆಜ್ಜೆ ಹಿಂದಕ್ಕೆ ಸರಿದ. ದೊರೆ ಹುಲಿಗೆವ್ವನ ಕಡೆ ತಿರುಗಿ, "ಆಯ್ತು. ಇದು ಕಾವ್ಯವೇ, ನಾನೂ ಒಪ್ಪಿದೆ. ಬರೆದು ಒಳಗಿಡಿ. ಆದರೆ ಆ ಮುಹೂರ್ತದ ಸಾಲೊಂದು ತೆಗೆದುಬಿಡಮ್ಮಾ. ಒಂದೇ ಸಾಲು. ಉಳಿದದ್ದೆಲ್ಲಾ ಹಂಗೇ ಇರಲಿ" ಅಂದ.

"ಇಲ್ರೀ ದೊರೆ."

"ನಿಂಗೆ ಕವಿಗಳ ಪಂಕ್ತಿಯಲ್ಲೇ ಮಣೆ ಹಾಕಿಸ್ತೀನಿ."

"ಮಣಿ ಬ್ಯಾಡ್ರೀ. ಆ ಸಾಲು ತೆಗೆದರೆ ಕಮಾನು ತಾನೇ ಬಿದ್ದಂಗ ಆಗತೈತಿ. ಕಮಾನಿನ ತಪ್ಪು ಇಲ್ರೀ, ಸುಣ್ಣದ ತಪ್ಪೂ ಇಲ್ಲ. ಇಟ್ಟರೆ ಪೂರಾ ಇಡ್ರಿ. ಇಲ್ಲಾಂದ್ರೆ ನಿಮ್ಮ ಮನಿ ನಿಮಗಿರಲಿ. ಅದನ್ನ ನಂಬಿ ನಾನು ಪದ ಕಟ್ಟಿಲ್ಲ."

ದೊರೆಯ ಕಣ್ಣು ಕೆಂಪಾಯಿತು. "ನಾಲಗೆ ಕೀಳಿಸಿದ್ರೆ ಏನು ಮಾಡ್ತೀ?"

"ನಂದೊಂದು ಕೀಳ್ತೀರಿ. ಅಲ್ಲಿ ಅರವತ್ತು ನಿಂತಾವ" ಅಂದಳಂತೆ ಹುಲಿಗೆವ್ವ.

ಅಂಚಿನಲ್ಲಿ ನಿಂತಿದ್ದ ಹೆಂಗಸರಲ್ಲಿ ಒಬ್ಬಳು ಮುಂದೆ ಬಂದಳು. "ಗಾಳೆಪ್ಪ ಬುತ್ತಿಗಂಟು ಬಿಚ್ಚಿಲ್ಲ" ಅಂದಳು. ಅವಳು ಗಾಳೆಪ್ಪನ ಅಕ್ಕ. ಯಂಕನ ಹೆಂಡತಿ ಬಂದಳು, ತನ್ನ ಸಾಲು ಹೇಳಿದಳು. ಹೊನ್ನೂರನ ತಾಯಿ ಬಂದಳು, ತನ್ನದು ಹೇಳಿದಳು. ಯಾರೂ ಹಾಡಲಿಲ್ಲ. ಎಲ್ಲರದ್ದೂ ಬರೀ ಮಾತು. ಕೊನೆಗೆ ಮರಿಯನ ಹೆಂಡತಿ ಹಸುಗೂಸನ್ನ ಎತ್ತಿಕೊಂಡು ಬಂದು, "ಮರಿಯ ಮಗಳಿಗೆ ಹೆಸರಿಟ್ಟಿಲ್ಲ" ಅಂದಳು.

ದೊರೆ ಕೂಸನ್ನ ನೋಡಿದ. "ಇದೇನಾ ಆ ಮಗು? ಇನ್ನೂ ಯಾಕಮ್ಮಾ ಹೆಸರಿಟ್ಟಿಲ್ಲ?"

"ಹೆಸರು ಇದರಪ್ಪ ಮನಸ್ನಾಗ ಯೋಚಿಸಿ ಇಟ್ಕೊಂಡಿದ್ದನ್ರೀ. ಏನು ಅಂತ ನನಗ ಹೇಳಿರಲಿಲ್ಲ" ಅಂದಳು ಅವಳು.

ದೊರೆ ಗದ್ದುಗೆ ಬಿಟ್ಟು ಇಳಿದು ಕಮಾನಿನ ಕೆಳಗೆ ಹೋಗಿ ನಿಂತ. ಆ ಹೊಸ ಗಾರೆ ಮೇಲೆ ಅಂಗೈ ಇಟ್ಟ. ಇತ್ತ ತಿರುಗದೇನೇ, "ಪೂರಾ ಬರೀರಿ" ಅಂದನಂತೆ.

ನರಹರಿ ಪಂಡಿತರು ಬೇರೆಯವರನ್ನ ಕರೆಯಲಿಲ್ಲ. ತಾವೇ ಓಲೆ ಕೊರೆಯೋ ಕಂಟ ಹಿಡಿದು, ತೊಡೆ ಮೇಲೆ ಓಲೆ ಇಟ್ಟುಕೊಂಡು ಬರೆದರು. ಹುಲಿಗೆವ್ವ ಹೇಳ್ತಾ ಹೋದಳು, ಅವರು ಕೊರೀತಾ ಹೋದರು. ಮುಗಿದ ಮೇಲೆ ಅವಳು, "ಈಗ ಓದ್ರಿ ಅಯ್ನೋರೆ. ಏನು ಬರದೀರಿ ಅಂತ ನನಗ ತಿಳೀಬೇಕಲ್ಲ" ಅಂದಳು.

ಪಂಡಿತರು ಓದಿದರು. ಗಾಳೆಪ್ಪ ಸರಿ, ಮರಿಯ ಸರಿ, ಮುಹೂರ್ತವೂ ಸರಿ. "ಏಳು ಮಂದಿ ಮಡಿದರು" ಅಂತ ಓದಿದರು.

"ನಿಲ್ಲಿಸ್ರಿ" ಅಂದಳು ಹುಲಿಗೆವ್ವ. "ನಾನು ಹಂಗ ಅಂದಿಲ್ಲ."

"ಎರಡೂ ಒಂದೇ ಅರ್ಥ ಕಣಮ್ಮಾ. ಮಡಿದರು ಅಂದ್ರೆ ಕಿವಿಗೆ ಗೌರವ."

"ಯುದ್ಧದಾಗೆ ಹೋದೋರು ಮಡೀತಾರ್ರೀ. ಇವರು ಮರ ತೆಗೆಯೋಕೆ ಹೋಗಿದ್ದರು. ಸತ್ತರು ಅಂದೀನಿ ನಾನು."

ಪಂಡಿತರು ಆ ಮಾತನ್ನ ಬಾಯಲ್ಲೇ ಎರಡು ಸಲ ಆಡಿಸಿ ನೋಡಿದರು. ಮಡಿದರು, ಸತ್ತರು. ಸತ್ತರು, ಆರಿತು. ಆಮೇಲೆ, "ನಿಂದೇ ಸರಿ" ಅಂದರು. ಕೊರೆದ ಓಲೆ ಅಳಿಸೋಕೆ ಬರೋದಿಲ್ಲ. ಅದನ್ನ ಎರಡು ಸೀಳಾಗಿ ಸೀಳಿ ಪಕ್ಕಕ್ಕಿಟ್ಟು, ಹೊಸ ಓಲೆ ತಗೊಂಡು ಮೊದಲಿನಿಂದ ಬರೆದರಂತೆ.

"ಎಲ್ಲಿಡಬೇಕು?" ಅಂತ ಕೇಳಿದರು.

"ನಿಮ್ಮ ನೂರೆಂಟು ಪದ್ಯದ ಮಗ್ಗುಲಿಗೇ ಇಡ್ರಿ. ಓದೋರು ಎರಡೂ ಓದ್ಲಿ" ಅಂದಳು ಹುಲಿಗೆವ್ವ.

ಹಾಗೇ ಇಟ್ಟರಂತೆ. ಅವಳು ತಲೆ ಬಾಗಿ ಒಳಗೆ ಹೋಗಿ, ಇಟ್ಟದ್ದನ್ನ ತನ್ನ ಕಣ್ಣಾರೆ ನೋಡಿ, ಹೊರಗೆ ಬಂದು ಗುಂಡಿ ಕಡೆ ನಡೆದಳಂತೆ. ಪ್ರಾಕಾರದ ಗೋಡೆ ಇನ್ನೂ ಬಾಕಿ ಇತ್ತು.

ಅಲ್ಲಿಗೆ ಅವರ ಕೆಲಸ ಶುರುವಾಯ್ತು, ಇಲ್ಲಿಗೆ ನನ್ನ ಮಾತು ಮುಗೀತು. ಕತೆ ಅವರದು, ಬಾಯಿ ನನ್ನದು, ಕಿವಿ ನಿಮ್ಮದು. ಏಳ್ರಿ ಇನ್ನ.