ದರ್ಜಿ ಬರೆದಿಟ್ಟ ಒಂದು ಸಾಲು

“ಗುರುಗಳೇ, ಮಾತು ನಿಂತುಹೋದ ಮೇಲೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ನನ್ನ ತಂದೆ ಉಯಿಲು ಬರೆದಿದ್ದಾರೆ. ಸಾಕ್ಷಿಗೆ ಸಹಿ ಹಾಕಿದ್ದೇನೆ. ಮಗನ ಕೆಲಸ ಅಲ್ಲಿಗೆ ಮುಗಿಯಿತಲ್ಲವೇ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದೂರಲ್ಲಿ ಒಬ್ಬ ದರ್ಜಿ. ಯಾರಾದರೂ ಬಟ್ಟೆ ತಂದು ‘ತೋಳು ಸುಮಾರಾಗಿರಲಿ’ ಎಂದರೆ ಅವನಿಗೆ ಮೈ ಉರಿಯುತ್ತಿತ್ತು. ‘ಸುಮಾರು ಅಂದರೆ ಎಷ್ಟು ಬೆರಳು? ಕತ್ತರಿ ಆಡಿದ ಮೇಲೆ ಬಟ್ಟೆ ಬೆಳೆಯೋದಿಲ್ಲ ಸ್ವಾಮಿ’ ಎನ್ನುತ್ತಿದ್ದ. ಅಂಥವನು ವಯಸ್ಸಾದ ಮೇಲೆ ತನ್ನ ಕೊನೆಗಾಲಕ್ಕೆಂದು ಬರೆದದ್ದು ಒಂದೇ ಸಾಲು: ‘ನನಗೆ ಅತಿಯಾದ ಚಿಕಿತ್ಸೆ ಬೇಡ.’

ಅದನ್ನು ಮಗಳ ಮುಂದಿಟ್ಟು, ‘ಇಲ್ಲಿ ಕೂತ್ಕೊ ಮಗಳೇ, ಅತಿ ಅಂದರೆ ನನ್ನ ಮನಸ್ಸಲ್ಲಿ ಏನಿದೆ ಅಂತ…’ ಎಂದು ಶುರು ಮಾಡಿದ. ಮಗಳು ನಡುವೆಯೇ ತಡೆದಳು. ‘ಬಿಡ್ತು ಅನ್ನಪ್ಪ. ದೀಪ ಹಚ್ಚೋ ಹೊತ್ತಲ್ಲಿ ಎಂಥ ಮಾತು’ ಎಂದು ಸಾಕ್ಷಿಯ ಸಹಿ ಎಳೆದು ಒಳಗೆ ಹೋದಳು. ದರ್ಜಿ ‘ಬಿಡ್ತು’ ಎಂದು ಕಾಗದ ಮಡಿಚಿಟ್ಟ.

ವರ್ಷ ತುಂಬುವುದರೊಳಗೆ ಅವನಿಗೆ ಲಕ್ವ ಹೊಡೆಯಿತು. ಮಾತು ಹೋಯಿತು, ಉಸಿರು ಸೋತಿತು. ದರ್ಜಿಯ ಮಗ ‘ಉಸಿರಾಟಕ್ಕೆ ನಳಿಕೆ ಹಾಕಿ’ ಎಂದ. ಮಗಳು ‘ಬೇಡ’ ಎಂದಳು. ವೈದ್ಯ ಕಾಗದ ಓದಿದ. ಯಾವುದು ಅತಿ ಎಂದು ಅದರಲ್ಲಿರಲಿಲ್ಲ. ಗಂಟಲಿಗೆ ನಳಿಕೆ ಇಳಿಸಿದರು. ದರ್ಜಿ ಆಡುತ್ತಿದ್ದ ಒಂದೇ ಕೈಯಿಂದ ಅದನ್ನು ಎಳೆದ. ಆ ಕೈಯನ್ನೂ ಮಂಚಕ್ಕೆ ಕಟ್ಟಿದರು.

ಹತ್ತೊಂಬತ್ತು ದಿನ.

ಮಗಳು ಕೆಂಡವಾದಳು. ‘ಕಾಗದ ತಿಳಿಯದಿದ್ದರೆ ಕೈ ನೋಡಿ ಡಾಕ್ಟರೇ. ದನವನ್ನಾದರೂ ಹೀಗೆ ಕಟ್ಟುತ್ತಾರಾ?’

‘ಪ್ರಜ್ಞೆ ಇಲ್ಲದವರೂ ಎಳೆಯುತ್ತಾರಮ್ಮ. ಅವರ ಮನಸ್ಸು ನಾನೇನು ಬಲ್ಲೆ? ಸಾಕ್ಷಿ ಅಂತ ನಿಮ್ಮ ಸಹಿ ಇದೆ. ಅತಿ ಅಂದರೆ ಏನು ಅಂತ ನಿಮಗೆ ಹೇಳಿರಬೇಕಲ್ಲ?’

ಮಗಳು ಕಾಗದದ ಮೇಲಿನ ತನ್ನ ಸಹಿ ನೋಡಿದಳು. ಒಂದು ರವಿಕೆಯ ತೋಳಿಗಾಗಿ ಅಪ್ಪನೊಡನೆ ಅರ್ಧ ದಿನ ವಾದ ಮಾಡಿದವಳು. ಇದಕ್ಕೆ ಅರೆಗಳಿಗೆ ಕೂತಿರಲಿಲ್ಲ. ದರ್ಜಿ ಕೈ ಕಟ್ಟಿಸಿಕೊಂಡೇ ಹೋದ.

ಶಿಷ್ಯನಿಗೆ ಸಿಟ್ಟು ಬಂತು. “ಎಂಥ ಅನ್ಯಾಯ. ಅಷ್ಟು ಅಳತೆ ಬಲ್ಲ ಮನುಷ್ಯ, ಇನ್ನೆರಡು ಸಾಲು ಬಿಡಿಸಿ ಬರೆಯಬಾರದಿತ್ತೇ?”

ಗುರು ಕೇಳಿದರು:

“ನಿನ್ನ ತಂದೆ ಬಿಡಿಸಿ ಹೇಳಲು ಬಂದಾಗ ನೀನೇನೆಂದೆ?”